ಕನ್ನಡದಲ್ಲಿ ಓದಿ ತಿಳಿಸಿದ್ದೇನೆ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸೋಲಾಪುರದ ಒಬ್ಬ ವಕೀಲರ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದೆ. ಅಷ್ಟೂ ವರ್ಷ ದಿನಚರಿ ಬರೆದೆ. ನಿವೃತ್ತಳಾದ ಮೇಲೆ ಹಳೆಯ ದಿನಚರಿಗಳನ್ನು ತೆರೆದು ನೋಡಿದರೆ, ನನಗೆ ಚೆನ್ನಾಗಿ ನೆನಪಿರುವ ಎಷ್ಟೋ ಸಂಗತಿಗಳು ಅವುಗಳಲ್ಲಿಲ್ಲ. ಅವುಗಳಲ್ಲಿರುವ ಎಷ್ಟೋ ಸಂಗತಿಗಳು ನಡೆದೇ ಇಲ್ಲವೇನೋ ಅನ್ನಿಸುತ್ತದೆ, ಅಕ್ಷರ ಮಾತ್ರ ನನ್ನದೇ. ಆದ್ದರಿಂದ ದಿನಚರಿಯಲ್ಲಿ ಇದ್ದದ್ದನ್ನು 'ಬರೆದಿದೆ' ಎನ್ನುತ್ತೇನೆ. ಉಳಿದದ್ದು ನೆನಪು. ಎರಡೂ ಹೊಂದದ ಕಡೆ ಹಾಗೆಯೇ ಬಿಡುತ್ತೇನೆ.

ನನ್ನ ಅಕ್ಕ ಗಂಗಾ, ತವರಿನ ಹೊಲದಲ್ಲಿದ್ದ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟು ಸಹಿ ಮಾಡಿದ ದಿನದ ಪುಟದಲ್ಲಿ ಬರೆದಿರುವುದು ಇಷ್ಟೇ: 'ಅಣ್ಣ, ಅಕ್ಕ ಬಂದಿದ್ದರು. ಕಾಗದ ಆಯಿತು. ಅಕ್ಕಲಕೋಟೆಯಲ್ಲಿ ದರ್ಶನ ಚೆನ್ನಾಗಿ ಆಯಿತು.' ಮರಾಠಿಯಲ್ಲಿದ್ದ ಆ ಕಾಗದವನ್ನು ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದವಳು ನಾನು. ಎಷ್ಟು ಓದಿದೆ, ಎಷ್ಟು ಬಿಟ್ಟೆ ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ಈಗ ಬೇಕಾಗಿರುವುದು ಅದೇ.

ಬೇಕಾಗಿರುವುದು ಅಕ್ಕನ ಮಗಳು ಅಂಬಿಕಾಗೆ. ಅವಳು ಹೋದ ವರ್ಷ ವಕೀಲಿಯ ಸನದು ತೆಗೆದುಕೊಂಡು ಸೋಲಾಪುರದ ಕೋರ್ಟಿನಲ್ಲಿ ಒಬ್ಬ ಹಿರಿಯರ ಕೈಕೆಳಗೆ ಇದ್ದಾಳೆ. ಒಂದೂವರೆ ತಿಂಗಳ ಹಿಂದೆ ಆ ಕಾಗದದ ನಕಲನ್ನು ತಂದು ನನ್ನ ಮುಂದೆ ಹರಡಿದಳು.

"ಮಾವಶಿ, ಇದರಾಗ ನಿನ್ನ ಸೈ ಎರಡ ಕಡಿ ಐತಿ."

"ಎರಡ ಕಡಿ?"

"ಇಲ್ಲಿ ನೋಡು, ಹಕ್ಕ ಬಿಟ್ಟಾಕಿ ಅಂತ. ಇಲ್ಲಿ, ಕಡೀ ಪುಟದಾಗ, ಓದಿ ಹೇಳಿದಾಕಿ ಅಂತ. ಬಿಡಾಕಿನೂ ನೀನ, ಬಿಡು ಅಂತ ಓದಿ ಹೇಳಾಕಿನೂ ನೀನ. ಇದು ಹೆಂಗ ನಡೀತು?"

ನಾನು ಕನ್ನಡಕ ಹಾಕಿಕೊಂಡು ಎರಡೂ ಸಹಿ ನೋಡಿದೆ.

"ಅವ್ವಗ ಪೂರಾ ಓದಿ ಹೇಳಿದ್ದೇನು? ಹೌದಂದ್ರ ಹೌದನ್ನು, ಇಲ್ಲಂದ್ರ ಇಲ್ಲನ್ನು. ನೆನಪಿಲ್ಲ ಅಂದ್ರ ಕೋರ್ಟಿನ್ಯಾಗ ನಡ್ಯಾಂಗಿಲ್ಲ."

"ಹಿಂಗ ಕೇಳಿದ್ರ ನಿನ್ನ ಸಾಕ್ಷಿದಾರ್ರೆಲ್ಲಾ ಓಡಿ ಹೋಗ್ತಾರ ನೋಡು."

"ನೀ ಎಲ್ಲಿ ಓಡ್ತಿ, ನಿನ್ನ ಮೊಣಕಾಲ ನಂಗ ಗೊತ್ತಿಲ್ಲೇನು?" ಎಂದಳು. ನಂತರ ಸ್ವಲ್ಪ ಮೆತ್ತಗಾಗಿ, "ಹಂಗಾದ್ರ ಬರದರ ಕೊಡು. ಆಗ ಕೆಲಸಾ ಹೆಂಗ ಮಾಡತಿದ್ರಿ, ಎಲ್ಲಾ ಬರಿ. ನಮ್ಮಂಥ ಹೊಸಬ್ರಿಗೂ ಉಪಯೋಗ ಆಗತೈತಿ. ಆದ್ರ ನಾ ಮರಾಠಿ ಸಾಲ್ಯಾಗ ಕಲ್ತಾಕಿ, ಕನ್ನಡದಾಗ ಬರದಿ ಅಂದ್ರ ಹೆಂಗ ಓದ್ಲಿ?"

"ನಾ ಓದಿ ಹೇಳ್ತೀನಿ."

"ಪೂರಾ?" ಎಂದು ಕೇಳಿ ಎದ್ದು ಹೋದಳು.

ಅದಕ್ಕೇ ಬರೆಯುತ್ತಿದ್ದೇನೆ. ಪೂರಾ ಬರೆಯಲು ನೋಡುತ್ತೇನೆ.

ನಾನು ಬಿ.ಎ. ಮುಗಿಸಿ ಕಾನೂನು ಓದಿದ್ದೆ. ಸನದು ಮಾತ್ರ ತೆಗೆದುಕೊಳ್ಳಲಿಲ್ಲ. ಏಕೆ ಎಂದು ಕೇಳಿದವರಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಾರಣ ಹೇಳಿದ್ದೇನೆ. ಅವುಗಳಲ್ಲಿ ಯಾವುದು ನಿಜವಾಗಿತ್ತೋ ಈಗ ನನಗೇ ತಿಳಿಯದು. ನವಿ ಪೇಠಿನ ಒಂದು ಚಾದರದ ಅಂಗಡಿಯ ಮೇಲೆ ಎರಡು ಕೋಣೆಗಳ ಕಚೇರಿ. ನಾವು 'ಸಾಹೇಬರು' ಎನ್ನುತ್ತಿದ್ದ ವಕೀಲರು ಮರಾಠಿಯವರು. ಕೋರ್ಟಿನಲ್ಲಿ ನಿಂತು ವಾದಿಸುವುದು ಅವರಿಗೆ ಇಷ್ಟವಿರಲಿಲ್ಲ. ವಿದೇಶಕ್ಕೆ ಹೋಗುವವರ ಕಾಗದಪತ್ರ, ಉಯಿಲಿನ ಮೃತ್ಯುಪತ್ರ ಮತ್ತು ಆಸ್ತಿ ಹಂಚಿಕೆಯ ವಾಟಣಿ, ವ್ಯಾಪಾರಿಗಳ ಪಾಲುದಾರಿಕೆ, ಈ ಮೂರು ಬಗೆಯ ಕೆಲಸ ಅವರದು. ಯಾವ ಕಾಗದ ಕೊಟ್ಟರೂ ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತಿದ್ದರು. "ಮಂದಿ ತಪ್ಪು ಮಾಡೋದು ದಣಿದ ಮೇಲೆ, ಅದಕ್ಕೆ ದಣಿದ ಕಡೆಯಿಂದ ಶುರು ಮಾಡಬೇಕು" ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ಹೊಸಬರು ಕಲಿಯಬೇಕಾದ ಅಭ್ಯಾಸ ಇದು. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು ಎರಡೇ ಮಾತು: 'ಕುಂಡ್ರಿ' ಮತ್ತು 'ಸೈ ಮಾಡ್ರಿ'. ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಹಳ್ಳಿಗಳಿಂದ ಬರುವ ಕಕ್ಷಿದಾರರಲ್ಲಿ ಬಹಳಷ್ಟು ಜನ ಕನ್ನಡದವರು. ಈ ಎರಡು ಮಾತುಗಳ ನಡುವೆ ಬರಬೇಕಾದದ್ದೆಲ್ಲ ನನ್ನ ಕೆಲಸವಾಗಿತ್ತು.

ಮೊದಲ ದೊಡ್ಡ ತಪ್ಪು ಒಂದು ಲಗ್ನಪತ್ರಿಕೆಯದು. ಪೇಟೆಯ ಒಂದು ವ್ಯಾಪಾರಿ ಮನೆತನದ ಹುಡುಗಿಯನ್ನು ಲಂಡನ್ನಿನಲ್ಲಿ ಕಿರಾಣಿ ಅಂಗಡಿ ನಡೆಸುವ ವರನಿಗೆ ಕೊಟ್ಟಿದ್ದರು. ಅವನ ಬಳಿ ಹೋಗಲು ಅವಳಿಗೆ ವೀಸಾ ಬೇಕಿತ್ತು. ಶಾಲೆಯ ದಾಖಲೆಯಲ್ಲಿ ಅವಳು ಮಹಾದೇವಿ. ಮದುವೆಯಲ್ಲಿ ತಾಟಿಗೆ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುವುದು ನಮ್ಮ ಕಡೆಯ ಎಷ್ಟೋ ಮನೆಗಳ ರೂಢಿ. ಹಾಗಾಗಿ ರೇಷನ್ ಕಾರ್ಡಿನಲ್ಲಿ ಸ್ನೇಹಾ. ಮನೆಯಲ್ಲಿ ಎಲ್ಲರಿಗೂ ಬೇಬಿ. ಇಬ್ಬರೂ ಒಬ್ಬಳೇ ಎಂದು ನಾನು ಪ್ರತಿಜ್ಞಾಪತ್ರ, ಅಂದರೆ ಅಫಿಡವಿಟ್, ಸಿದ್ಧ ಮಾಡಿದೆ. ಮುಂಬಯಿಯಲ್ಲಿ ಸಂದರ್ಶನಕ್ಕೆ ಹೋದಾಗ ಹೆಸರೇನು ಎಂದು ಕೇಳಿದರೆ, "ಯಾವುದು ಹೇಳ್ಲಿ?" ಎಂದು ಕೇಳಿದಳಂತೆ. ಅದರಿಂದ ತೊಂದರೆ ಆಗಲಿಲ್ಲ. ಆದದ್ದು ನನ್ನಿಂದ.

ಮದುವೆಯ ಸಾಕ್ಷಿಯಾಗಿ ಲಗ್ನಪತ್ರಿಕೆಯ ಇಂಗ್ಲಿಷ್ ಅನುವಾದ ಬೇಕಿತ್ತು. ನಾನು ವಧೂವರರ ಹೆಸರು, ತಂದೆತಾಯಿ, ಸ್ಥಳ, ಮುಹೂರ್ತ ಇಷ್ಟನ್ನು ಇಂಗ್ಲಿಷಿಗೆ ತಂದು, ಕೆಳಗಿದ್ದ ಬಂಧುಬಳಗದ ಉದ್ದ ಪಟ್ಟಿಯನ್ನು ಬಿಟ್ಟೆ. ಯಾರಿಗೆ ಬೇಕು ಅದು? ಆದರೆ ಆ ಹುಡುಗಿ ಅಲ್ಲಿಗೆ ಹೋಗಿ ಇರಬೇಕಾಗಿದ್ದದ್ದು ವರನ ಕಾಕಾನ ಮನೆಯಲ್ಲಿ, ಮತ್ತು ಆ ಕಾಕಾನ ಹೆಸರು ಇದ್ದದ್ದು ಆ ಪಟ್ಟಿಯಲ್ಲಿ ಮಾತ್ರ. ಅರ್ಜಿ ತಿರಸ್ಕೃತವಾಯಿತು. ಮೂಲದಲ್ಲಿ ಇನ್ನೂ ಅನೇಕ ಸಾಲುಗಳಿವೆ, ಅನುವಾದ ಅಪೂರ್ಣ ಎಂದು ಪತ್ರ ಬಂತು. ಹುಡುಗಿ ಎಂಟು ತಿಂಗಳು ತವರಿನಲ್ಲೇ ಕೂತಳು. ಅವಳ ತಾಯಿ ಕಚೇರಿಗೆ ಬಂದು, "ನೀವು ನಾಕ ಹೆಸರ ಬರಿಯೂದು ಬ್ಯಾಸರಾ ಮಾಡಿದ್ರಿ, ನಾವು ಊರಾಗ ನಾಕ ನೂರ ಮಂದೀಗಿ ಉತ್ತರಾ ಕೊಡಾಕತ್ತೀವಿ" ಎಂದರು. ಸಾಹೇಬರು ಬೈಯಲಿಲ್ಲ. ಅನುವಾದ ಮಾಡು ಎಂದಿದ್ದೆ, ಹಸನು ಮಾಡು ಎಂದಿರಲಿಲ್ಲ ಎಂದಷ್ಟೇ ಹೇಳಿದರು.

ಅಂದಿನಿಂದ ವೀಸಾದ ಕಾಗದದಲ್ಲಿ ಒಂದು ಚುಕ್ಕೆ ಬಿಡಲಿಲ್ಲ. ಮುದ್ರಣಾಲಯದ ಹೆಸರು, ದೇವರ ನಾಮ, ಮೂಲೆಯಲ್ಲಿ ಪುಟ್ಟ ಮಕ್ಕಳ ಹೆಸರಿನಲ್ಲಿ ಅಚ್ಚಾಗುವ 'ನಮ್ಮ ಮಾಮಾನ ಲಗ್ನಕ್ಕೆ ಬರಬೇಕು ಹಾಂ' ಎಂಬ ಸಾಲು, ಎಲ್ಲವೂ ಇಂಗ್ಲಿಷಿಗೆ ಹೋದವು. ಪ್ರತಿ ಪುಟದ ಕೆಳಗೆ 'ಪೂರ್ಣ ಹಾಗೂ ಯಥಾವತ್' ಎಂದು ಬರೆದು ಸಹಿ ಹಾಕುತ್ತಿದ್ದೆ. ಆ ಕಡೆ ಯಾರೋ ಅಪರಿಚಿತರು ಸಾಲು ಎಣಿಸುತ್ತಾರೆ ಎಂಬ ಭಯ ಒಳ್ಳೆಯ ಗುರು.

ಪಾಲುದಾರಿಕೆಯ ಒಂದು ಪ್ರಕರಣದಲ್ಲಿ ಮಾತ್ರ ಹಸನು ಮಾಡುವುದೇ ಕೆಲಸಕ್ಕೆ ಬಂತು. ಭಾವ ಮತ್ತು ಮೈದುನ ಸೇರಿ ಟವೆಲ್ಲಿನ ಅಂಗಡಿ ನಡೆಸುತ್ತಿದ್ದರು. ಜಗಳವಾಗಿ ಒಬ್ಬರ ಮುಖ ಒಬ್ಬರು ನೋಡಲೊಲ್ಲರು. ಸಾಹೇಬರು ಇಬ್ಬರನ್ನೂ ಎರಡು ಕೋಣೆಗಳಲ್ಲಿ ಕೂಡಿಸಿದರು. ನಾನು ನಡುವೆ ಓಡಾಡಿದೆ.

"ಆ ಮನಷ್ಯಾಗ ಹೇಳ್ರಿ ಮ್ಯಾಡಮ್, ಅವನ ಕೂಡ ಮಾತಾಡೂದಕ್ಕಿಂತ ಮಗ್ಗದ ಕೂಡ ಮಾತಾಡೂದು ಚಲೋ, ಅದರ ಹೂಂ ಅಂತೈತಿ."

ಭಾವ ಹೀಗೆಂದರೆ ನಾನು ಮೈದುನನ ಕೋಣೆಗೆ ಹೋಗಿ, "ಅವರು ಸ್ವಲ್ಪ ವಿಚಾರ ಮಾಡ್ತೀನಿ ಅಂದ್ರು" ಎನ್ನುತ್ತಿದ್ದೆ.

ಎರಡು ದಿನದಲ್ಲಿ ಎಲ್ಲವೂ ಬಗೆಹರಿಯಿತು, ಅಂಗಡಿಯ ಟೆಲಿಫೋನ್ ನಂಬರು ಒಂದನ್ನು ಬಿಟ್ಟು. ಪರ ಊರಿನ ಗಿರಾಕಿಗಳಿಗೆಲ್ಲ ಬಾಯಿಪಾಠವಾಗಿದ್ದ ನಂಬರದು. ಇಬ್ಬರೂ ಬಿಡಲೊಲ್ಲರು. ಕೊನೆಗೆ ಅಂಗಡಿ ಎರಡಾಯಿತು, ಟೆಲಿಫೋನು ಒಂದೇ ಉಳಿಯಿತು: ಒಂದೇ ನಂಬರಿಗೆ ಎರಡು ಅಂಗಡಿಯಲ್ಲಿ ಗಂಟೆ, ಮೊದಲು ಎತ್ತಿದವನದು ಗಿರಾಕಿ. ಮುಂದೆ ಫೋನು ಎತ್ತಲು ಓಡುವ ಆ ಪೈಪೋಟಿಯಲ್ಲೇ ಇಬ್ಬರಿಗೂ ನಗು ಬಂದು ಮಾತು ಶುರುವಾಯಿತಂತೆ. ಸಾಹೇಬರು ನನ್ನನ್ನು ಬಹಳ ಹೊಗಳಿದರು. ಆ ಹೊಗಳಿಕೆ ನನ್ನನ್ನು ಕೆಡಿಸಿತೋ ಏನೋ. ಮಾತನ್ನು ಮೆದುಗೊಳಿಸಿ ಮುಟ್ಟಿಸುವುದು ನನ್ನ ಗುಣ ಎಂದು ನಂಬತೊಡಗಿದೆ.

ಮೃತ್ಯುಪತ್ರದ ವಿಷಯದಲ್ಲಿ ಒಂದು ನಿಯಮವಿತ್ತು. ಆ ನಿಯಮ ಬಂದದ್ದು ಕಂದಲಗಾಂವದ ಒಬ್ಬ ಅಜ್ಜನಿಂದ. ಅವನು ನಾಲ್ಕು ಸಲ ಮೃತ್ಯುಪತ್ರ ಬರೆಸಿದ. ಪ್ರತಿ ಸಲವೂ ಯಾವ ಮಗ ಅವನನ್ನು ಸೋಲಾಪುರಕ್ಕೆ ಕರೆತಂದಿದ್ದನೋ ಅವನ ಹೆಸರಿಗೆ ಹೊಲ. ಐದನೆಯ ಸಲ ಬಂದಾಗ ಸಾಹೇಬರು ಮಗನನ್ನು ಕೆಳಗಿನ ಚಹಾದ ಅಂಗಡಿಗೆ ಕಳಿಸಿದರು.

"ಮಗಾ ಕೆಳಗ ಹ್ವಾದಾ?" ಎಂದು ಅಜ್ಜ ಕೇಳಿದ.

"ಹ್ವಾದ್ರಿ ಅಜ್ಜಾರ."

"ಬಾಗಲಾ ಹಾಕವಾ. ಇವನ ಮುಂದ ಇವನ ಹೆಸರ ಹೇಳಿದೆ, ಅವನ ಮುಂದ ಅವನ ಹೆಸರ. ಯಾರೂ ಇಲ್ದಾಗ ಯಾರ ಹೆಸರ ಹೇಳ್ಬೇಕಂತ ನಂಗೂ ಗೊತ್ತಿಲ್ಲ. ತಡಿ, ವಿಚಾರ ಮಾಡತೀನಿ."

ಅರ್ಧ ತಾಸು ಬೆರಳು ಮಡಚಿ ಎಣಿಸಿದ. ಆಮೇಲೆ ಇಬ್ಬರಿಗೂ ಸಮ ಎಂದ. ದುಡಿದ ಎತ್ತುಗಳನ್ನು ಮಾರಬಾರದು ಎಂದು ಬರೆಸಿದ. ಅಂದಿನಿಂದ ನಮ್ಮ ಕಚೇರಿಯ ನಿಯಮ: ಯಾರಿಗೆ ಆಸ್ತಿ ಹೋಗುತ್ತದೋ ಅವರು ಕೋಣೆಯಲ್ಲಿ ಇರಬಾರದು. ನಾನು ಅಜ್ಜನನ್ನು ಕೇಳಿದ್ದೆ, "ಹೆಣ್ಮಕ್ಕಳು ಎಷ್ಟ ಮಂದ್ರಿ?" ಎಂದು. "ಮೂರ ಮಂದಿ. ಅವರದೇನೈತಿ, ಅವರು ಸೈ ಮಾಡಿ ಕೊಡ್ತಾರ" ಎಂದ. ಈ ಮಾತು ಬರೆದಿದೆ. ನಾನು ಅದರ ಕೆಳಗೆ ಏನೂ ಟಿಪ್ಪಣಿ ಹಾಕಿಲ್ಲ.

ಹೆಣ್ಣುಮಕ್ಕಳ ಸಹಿಯ ಕಾಗದಕ್ಕೆ ನಮ್ಮಲ್ಲಿ ಹಕ್ಕಸೋಡ ಪತ್ರ ಎನ್ನುತ್ತಾರೆ, ಹಕ್ಕು ಬಿಟ್ಟುಕೊಡುವ ಪತ್ರ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ಬಂದ ಮೇಲೆ ಈ ಕಾಗದಗಳು ಕಡಿಮೆಯಾಗಲಿಲ್ಲ, ಹೆಚ್ಚಾದವು. ಮೊದಲು ಅಕ್ಕತಂಗಿಯರನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಹೊಲದ ಪಹಣಿ, ಅಂದರೆ ಉತಾರದ ಮೇಲೆ ಅವರ ಹೆಸರೂ ಬರತೊಡಗಿದ್ದರಿಂದ ಅದನ್ನು ತೆಗೆಸಲು ಅವರ ಸಹಿ ಬೇಕಾಯಿತು. ಅಣ್ಣತಮ್ಮಂದಿರು ಗಾಡಿ ಮಾಡಿಕೊಂಡು ಕರೆತರುತ್ತಿದ್ದರು. ನಮ್ಮ ಕಚೇರಿಯಲ್ಲಿ ಕಾಗದ ಸಿದ್ಧವಾದ ಮೇಲೆ ಅಕ್ಕಲಕೋಟೆಗೆ ಹೋಗಿ ನೋಂದಣಿ, ಹಾಗೆಯೇ ಸ್ವಾಮಿಗಳ ದರ್ಶನ, ಪ್ರಸಾದ. ಪ್ರತಿಯೊಬ್ಬಳಿಗೂ ಒಂದು ಸೀರೆ, ಕುಪ್ಪಸದ ಕಣ. ಹೆಣ್ಣುಮಕ್ಕಳು ಒಳ್ಳೆಯ ಸೀರೆ ಉಟ್ಟು, ಬಹಳ ದಿನಕ್ಕೆ ಭೇಟಿಯಾದ ಖುಷಿಯಲ್ಲಿ ಬರುತ್ತಿದ್ದರು. ನಮ್ಮ ಹೊರಗಿನ ಕೋಣೆ ಅಂಥ ದಿನ ಮದುವೆ ಮನೆಯ ಹಾಗೆ ಗದ್ದಲ. ನನಗೆ ಆ ಗದ್ದಲ ಇಷ್ಟವಾಗುತ್ತಿತ್ತು ಎಂಬುದನ್ನೂ ಬರೆಯಬೇಕು.

ಕಾಗದ ನಾಲ್ಕು ಪುಟ. ಕೊನೆಯಲ್ಲಿ ಒಂದು ಸಾಲು: ಮೇಲಿನ ಮಜಕೂರನ್ನು ಬರೆದುಕೊಟ್ಟವರಿಗೆ ಕನ್ನಡದಲ್ಲಿ ಓದಿ ತಿಳಿಸಿದ್ದೇನೆ. ಅದರ ಕೆಳಗೆ ನನ್ನ ಸಹಿ. ಸಾಹೇಬರು ಇದಕ್ಕೆ ಹತ್ತು ನಿಮಿಷ ಕೊಡುತ್ತಿದ್ದರು. ಹತ್ತು ನಿಮಿಷದಲ್ಲಿ ನಾಲ್ಕು ಪುಟದ ಸರ್ಕಾರಿ ಮರಾಠಿಯನ್ನು ಕನ್ನಡದಲ್ಲಿ ಹೇಳಲಾಗದು. ಹಾಗಾಗಿ ನಾನು ಒಂದು ಪದ್ಧತಿ ಮಾಡಿಕೊಂಡಿದ್ದೆ, ನಾಲ್ಕು ಮಾತು:

"ನೋಡವಾ, ಅಪ್ಪನ ಹೊಲಾ ಅಣ್ಣನ ಹೆಸರಿಗಿ ಮಾಡಾಕತ್ತಾರ. ನಿಂದೇನೂ ತಕರಾರಿಲ್ಲ ಅಂತ ಬರದೈತಿ. ತವರಿನ ಸಂಬಂಧ ಹಿಂದ ಇದ್ಹಂಗ ಮುಂದೂ ಇರತೈತಿ. ಒಪ್ಪಿಗಿ ಇದ್ರ ಸೈ ಮಾಡು."

ಮೂರನೆಯ ಪುಟದಲ್ಲಿ ಒಂದು ಪರಿಚ್ಛೇದವಿತ್ತು: ಇನ್ನು ಮುಂದೆ ಸದರಿ ಜಮೀನಿನಲ್ಲಿ ನನಗಾಗಲಿ ನನ್ನ ಮಕ್ಕಳಿಗಾಗಲಿ ಯಾವುದೇ ಹಕ್ಕು, ಹಿತ, ಸಂಬಂಧ ಉಳಿದಿಲ್ಲ, ಎಂದೂ ಕೇಳುವುದಿಲ್ಲ. ಅದನ್ನು ನಾನು ಎರಡನೆಯ ಮಾತಿನಲ್ಲಿ ಅಡಗಿಸುತ್ತಿದ್ದೆ. ಇನ್ನು ಆ ಮೂರನೆಯ ಮಾತು, ತವರಿನ ಸಂಬಂಧ ಹಿಂದಿನಂತೆ ಇರುತ್ತದೆ ಎಂಬುದು, ಕಾಗದದಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಸೇರಿಸಿದವಳು ನಾನು. ಮೊದಲ ಸಲ ಯಾವ ಹೆಣ್ಣುಮಗಳ ಮುಖ ನೋಡಿ ಸೇರಿಸಿದೆನೋ ನೆನಪಿಲ್ಲ. ಆಮೇಲೆ ಅದು ರೂಢಿಯಾಯಿತು. ಲಗ್ನಪತ್ರಿಕೆಯ ಒಂದು ಪಟ್ಟಿ ಬಿಟ್ಟದ್ದಕ್ಕೆ ಎಂಟು ತಿಂಗಳು ನಿದ್ದೆ ಕೆಟ್ಟವಳು ನಾನೇ. ಈ ಕಡೆ ಎಣಿಸುವವರು ಯಾರೂ ಇರಲಿಲ್ಲ.

ಒಬ್ಬಳು ಕೇಳಿದ್ದಳು. ಇದು ಬರೆದಿದೆ, ಹೆಸರಿಲ್ಲ. ನನ್ನ ಮೂರನೆಯ ಮಾತು ಮುಗಿಯುತ್ತಲೇ, "ಪಂಚಮಿಗಿ ಕರಿಯಾಕ ಬರತಾನ ಅಂತ ಕಾಗದದಾಗ ಬರದೈತೇನ್ರಿ ಬಾಯಾರ?" ಎಂದಳು. ನಾಗಪಂಚಮಿಗೆ ಅಣ್ಣ ಬಂದು ತವರಿಗೆ ಕರೆದೊಯ್ದು ಉಂಡೆ ಕಟ್ಟಿಕೊಡುವುದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡದು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳ ತಮ್ಮ, "ಬರೀರಿ ಬಾಯಾರ, ಉಂಡಿ ಎಷ್ಟ ಕೊಡಬೇಕು ಅದನ್ನೂ ಬರೀರಿ" ಎಂದ. ಸಾಹೇಬರು ಏನೆಂದು ಕೇಳಿದರು. ಮರಾಠಿಯಲ್ಲಿ ಹೇಳಿದೆ. ಅವರೂ ನಕ್ಕು, ಅಂಥ ಕಲಮು ಇಲ್ಲ ಎಂದರು. ದಿನಚರಿಯಲ್ಲಿ 'ನಕ್ಕೆವು' ಎಂದಿದೆ. ಅಂದರೆ ನಾನೂ ನಕ್ಕಿದ್ದೇನೆ. ಅವಳು ನಕ್ಕಳೋ ಇಲ್ಲವೋ ಬರೆದಿಲ್ಲ.

ಪದ್ಧತಿಗಳು ಬದಲಾದವು. ಮೊದಲು ಛಾಪಾ ಕಾಗದದ ಮೇಲೆ ಟೈಪ್ ಮಾಡುತ್ತಿದ್ದೆವು. ಒಂದಕ್ಷರ ತಪ್ಪಿದರೂ ಬದಿಯಲ್ಲಿ ಎಲ್ಲರ ಸಹಿ ಬೇಕು. ಕಂಪ್ಯೂಟರ್ ಬಂದ ಮೇಲೆ ಹಿಂದಿನ ಕಾಗದದ ಹೆಸರು ಅಳಿಸಿ ಹೊಸ ಹೆಸರು ಹಾಕಿದರೆ ಮುಗಿಯಿತು. ಒಮ್ಮೆ ಹೋಟಗಿಯ ಅಕ್ಕತಂಗಿಯರ ಕಾಗದದಲ್ಲಿ ಹಿಂದಿನ ವಾರದ ಬೇರೆ ಮನೆತನದ ಅಪ್ಪನ ಹೆಸರು ಉಳಿದುಬಿಟ್ಟಿತ್ತು. ಕೊನೆಯಿಂದ ಓದುವ ಸಾಹೇಬರ ಕಣ್ಣಿಗೆ ಬಿದ್ದು ಬಚಾವಾದೆವು. ಶಾಯಿ ಹಚ್ಚಿ ಒತ್ತುತ್ತಿದ್ದ ಹೆಬ್ಬೆಟ್ಟಿಗೆ ಯಂತ್ರ ಬಂತು. ಹೊಲದ ಕೆಲಸದಲ್ಲಿ ಸವೆದ ಬೆರಳನ್ನು ಯಂತ್ರ ಗುರುತಿಸುತ್ತಿರಲಿಲ್ಲ. ಹೆಣ್ಣುಮಕ್ಕಳು ಸೆರಗಿಗೆ ಬೆರಳು ಒರೆಸಿ ಒರೆಸಿ ಮತ್ತೆ ಇಡುತ್ತಿದ್ದರು. ಎಷ್ಟೆಲ್ಲ ಬದಲಾದರೂ ನನ್ನ ನಾಲ್ಕು ಮಾತು ಬದಲಾಗಲಿಲ್ಲ.

ಇನ್ನು ಅಕ್ಕನ ದಿನ.

ನಮ್ಮ ತವರು ಚಪಳಗಾಂವ. ಅಣ್ಣ ಹಿರಿಯ, ನಂತರ ಗಂಗಕ್ಕ, ಕೊನೆಗೆ ನಾನು. ಅಕ್ಕ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟಳು. ಹೆಸರು ಬರೆಯಲು ಬರುತ್ತದೆ, ಮರಾಠಿ ಓದಲು ಬಾರದು. ಅವಳನ್ನು ಹೋಟಗಿಯಲ್ಲಿ ರೈಲ್ವೆಯಲ್ಲಿದ್ದವನಿಗೆ ಕೊಟ್ಟಿದ್ದರು. ಅಪ್ಪ ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಾಗ ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಐದು ವರ್ಷ ಸೇವೆ ಮಾಡಿದರು. ನಾವಿಬ್ಬರೂ ಹಣ್ಣು ಹಿಡಿದುಕೊಂಡು ಹೋಗಿ ಬರುತ್ತಿದ್ದೆವು. ಅಪ್ಪ ಹೋದ ಎರಡು ವರ್ಷಕ್ಕೆ ಅಣ್ಣ ಸಹಿ ಕೇಳಿದ. ಕೇಳಿದ್ದು ತಪ್ಪು ಎಂದು ಆಗಲೂ ಅನ್ನಿಸಲಿಲ್ಲ, ಈಗಲೂ ಪೂರ್ತಿಯಾಗಿ ಅನ್ನಿಸುವುದಿಲ್ಲ.

ಕಾಗದವನ್ನು ನಾನೇ ಟೈಪ್ ಮಾಡಿದೆ. ಕೊನೆಯ ಸಾಲಿಗೆ ಬಂದಾಗ, ಓದಿ ತಿಳಿಸುವವರು ಯಾರು ಎಂದು ಸಾಹೇಬರನ್ನು ಕೇಳಿದೆ. ನಾನೂ ಹಕ್ಕು ಬಿಡುವವಳಾದ್ದರಿಂದ ಬೇರೆ ಯಾರಾದರೂ ಆಗಬೇಕಲ್ಲವೇ ಎಂದು ಕೇಳಿದ ನೆನಪು. ಕೇಳಿದೆ ಎಂದು ಈಗ ಅಂದುಕೊಳ್ಳುತ್ತಿದ್ದೇನೆಯೋ ಏನೋ, ಬರೆದಿಲ್ಲ. ನಿನ್ನದೇ ಅಕ್ಕ, ನಿನಗಿಂತ ಚೆನ್ನಾಗಿ ಯಾರು ಹೇಳುತ್ತಾರೆ ಎಂದು ಅವರು ಅಂದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಕೊನೆಯಿಂದ ಓದುವ ಮನುಷ್ಯ ಆ ದಿನ ಕೊನೆಯ ಪುಟದಲ್ಲೇ ತಪ್ಪಿದರು. ಅವರು ಈಗಿಲ್ಲ, ಕೇಳುವಂತಿಲ್ಲ.

ಅಣ್ಣ ಕೋಣೆಯಲ್ಲೇ ಕುಳಿತಿದ್ದ. ಅಜ್ಜನ ಮಗನನ್ನು ಚಹಾದ ಅಂಗಡಿಗೆ ಕಳಿಸಿದ್ದ ನಿಯಮವಿದ್ದರೂ ಅಂದು 'ಅಣ್ಣಾ, ಸ್ವಲ್ಪ ಹೊರಗ ಹೋಗು' ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ನಾನು ಅಕ್ಕನಿಗೆ ಅದೇ ನಾಲ್ಕು ಮಾತು ಹೇಳಿದೆ ಎಂದುಕೊಂಡಿದ್ದೇನೆ. ಇಲ್ಲ, ಸ್ವಂತ ಅಕ್ಕನೆಂದು ಇನ್ನೂ ಹೆಚ್ಚು ಓದಿದೆನೋ? ಹಾಗೆ ನಂಬಲು ನನಗೆ ಇಷ್ಟ. ಅದಕ್ಕೇ ಆ ನೆನಪನ್ನು ನಂಬುವುದಿಲ್ಲ.

ಅಕ್ಕ ಪೆನ್ನು ಹಿಡಿದು, "ಏ ಶೈಲಿ, ಮೊದ್ಲ ನೀ ಮಾಡು. ನೀ ಸಾಲಿ ಕಲ್ತಾಕಿ. ನಿನ್ನ ನೋಡಿ ನಾ ಮಾಡತೀನಿ" ಎಂದಳು. ನಾನು ಮಾಡಿದೆ. ನನಗೆ ಮೂರನೆಯ ಪುಟ ಗೊತ್ತಿತ್ತು. ಸಂಬಳವಿತ್ತು, ನಮ್ಮವರ ಬ್ಯಾಂಕಿನ ನೌಕರಿಯಿತ್ತು. ಒಳ್ಳೆಯ ತಂಗಿ ಎನ್ನಿಸಿಕೊಳ್ಳುವುದು ನನಗೆ ಸುಲಭವಾಗಿತ್ತು. ನನ್ನ ಸಹಿಯ ಕೆಳಗೆ ಅವಳು ತನ್ನ ಹೆಸರನ್ನು ನಿಧಾನವಾಗಿ ಬರೆದಳು. ಅಕ್ಕಲಕೋಟೆಯಲ್ಲಿ ಅಧಿಕಾರಿ ಒಪ್ಪಿಗೆಯೇ ಎಂದು ಕೇಳಿದಾಗ ಇಬ್ಬರೂ ಹೌದು ಎಂದೆವು. ಅಣ್ಣ ಇಬ್ಬರಿಗೂ ಸೀರೆ ಕೊಡಿಸಿದ.

ಎರಡು ಪಂಚಮಿಗೆ ಅಣ್ಣ ತಾನೇ ಹೋಟಗಿಗೆ ಬಂದು ಅಕ್ಕನನ್ನು ಕರೆದೊಯ್ದ. ಮೂರನೆಯದಕ್ಕೆ ಫೋನು ಮಾಡಿ ನೀನೇ ಬಂದುಬಿಡು ಎಂದ. ಅದರ ನಂತರ ಫೋನೂ ಇಲ್ಲ. ನನ್ನನ್ನೂ ಕರೆಯಲಿಲ್ಲ. ನಾನು ಗಮನಿಸಲೂ ಇಲ್ಲ, ರಜೆ ಸಿಗುತ್ತಿರಲಿಲ್ಲ. ಅಕ್ಕ ಮಾತ್ರ ಪ್ರತಿ ವರ್ಷ ಪಂಚಮಿಯ ಹಿಂದಿನ ದಿನ ಚೀಲ ತುಂಬಿಟ್ಟು, ಸಂಜೆ ಮತ್ತೆ ಖಾಲಿ ಮಾಡುತ್ತಾಳೆ ಎಂದು ಅಂಬಿಕಾ ಹೇಳಿದಳು. ಅವಳ ಸಿಟ್ಟು ಹುಟ್ಟಿದ್ದು ಹೊಲದಿಂದಲ್ಲ, ಆ ಚೀಲದಿಂದ. ಈಗ ಅಣ್ಣ ಆ ಹೊಲವನ್ನು ದೀರ್ಘಾವಧಿಗೆ ಸೋಲಾರ್ ಕಂಪನಿಗೆ ಕೊಡುವ ಮಾತುಕತೆ ನಡೆಸಿದ್ದಾನೆ. ಒಪ್ಪಂದವಾಗುವ ಮೊದಲು, ತನ್ನ ತಾಯಿಗೆ ಕಾಗದವನ್ನು ಸರಿಯಾಗಿ ಓದಿ ಹೇಳಿರಲಿಲ್ಲ ಎಂದು ದಾವೆ ಹಾಕಬೇಕೆಂಬುದು ಅಂಬಿಕಾಳ ಹಟ. ಅದಕ್ಕೆ ಸಾಕ್ಷಿ ನಾನೊಬ್ಬಳೇ.

ಅಣ್ಣನಿಗೆ ಫೋನು ಮಾಡಿದೆ.

"ನಿನ್ನ ಬಾಯಿಲೇ ಓದಿ ಹೇಳಿದಿ, ನಿನ್ನ ಕೈಲೇ ಬರದಿ, ಈಗ ಇಲ್ಲಂತೀಯೇನು?" ಎಂದ. "ಅಪ್ಪನ ಹಾಸಗಿ ನಾ ತೊಳದೀನಿ. ಅದಕ್ಯಾವ ಕಾಗದ ಮಾಡಿದ್ದಿ ನೀ?"

"ಅದಲ್ಲಣ್ಣಾ. ಪಂಚಮಿಗಿ ಅಕ್ಕಗ ಯಾಕ ಕರೀಲಿಲ್ಲ?"

"ನಿಮ್ಮ ವೈನಿಗಿ ಆರಾಮಿಲ್ಲ, ಮನ್ಯಾಗ ಮಾಡವ್ರಿಲ್ಲ... ಆಕಿ ಕೇಳಾಕ ಹಚ್ಯಾಳೇನು?" ಎಂದ. ಅವನ ದನಿ ಒಮ್ಮೆಲೇ ಮುದುಕನ ದನಿಯಾಗಿತ್ತು. ನಾನೇ ಫೋನು ಇಟ್ಟೆ.

ಪ್ರತಿಜ್ಞಾಪತ್ರದ ಕರಡು ಬರೆದಿದ್ದೇನೆ. ಪೂರ್ತಿ ಓದಿ ಹೇಳುವುದು ನನ್ನ ಪದ್ಧತಿಯಾಗಿರಲಿಲ್ಲ. ಕಾಗದದಲ್ಲಿ ಇಲ್ಲದ ಮಾತನ್ನು ಸೇರಿಸುತ್ತಿದ್ದೆ. ಹಕ್ಕು ಪಡೆಯುವವನು ಕೋಣೆಯಲ್ಲಿದ್ದ. ಇದಕ್ಕೆ ಸಹಿ ಮಾಡಿದರೆ ನಾನು 'ಓದಿ ತಿಳಿಸಿದ್ದೇನೆ' ಎಂದು ಬರೆದ ಎಲ್ಲ ಕಾಗದಗಳ ಮೇಲೂ ನೆರಳು ಬೀಳುತ್ತದೆ. ಆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬರುತ್ತಾರೆ. ಸಹಿ ಮಾಡದಿದ್ದರೂ ಬರುತ್ತಾರೆ. ಒಂದು ಕಡೆ ಕೂರಲಾಗುವುದಿಲ್ಲ. ದಿನಚರಿಗಳನ್ನು ಕಪಾಟಿನಿಂದ ತೆಗೆಯುತ್ತೇನೆ, ಮತ್ತೆ ಇಡುತ್ತೇನೆ. ನಮ್ಮವರು, "ಸೈ ಮಾಡು, ಇಲ್ಲಾ ಹರಿ, ಆದ್ರ ಆ ಕಪಾಟ ಕಿರಗುಡಿಸಬ್ಯಾಡ" ಎನ್ನುತ್ತಾರೆ.

ಸಹಿಗೆ ಮೊದಲು ಅಕ್ಕನನ್ನು ಕೇಳಬೇಕು ಅನ್ನಿಸಿತು. ಈ ಇಡೀ ವ್ಯವಹಾರದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ, ಅಂಬಿಕಾ ಕೂಡ. ಕಾಗದದ ನಕಲು ತೆಗೆದುಕೊಂಡು ಬೆಳಗಿನ ಪ್ಯಾಸೆಂಜರ್ ಹಿಡಿದು ಹೋಟಗಿಗೆ ಹೋದೆ. ಅಕ್ಕ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

"ಏನ ಬೇ ಇದ್ದಕ್ಕಿದ್ದಂಗ? ಯಾರರ ಸತ್ತಾರೇನು?"

"ಯಾರೂ ಸತ್ತಿಲ್ಲ. ಕಾಗದಾ ಓದಿ ಹೇಳಾಕ ಬಂದೀನಿ."

"ಯಾವ ಕಾಗದಾ?"

ತೋರಿಸಿದೆ. ತನ್ನ ಸಹಿಯನ್ನು ಗುರುತಿಸಿದಳು. "ಆಗ ಅಕ್ಷರಾ ಚಲೋ ಇತ್ತ ನೋಡು ನಂದು" ಎಂದಳು.

ಓದಿದೆ. ಹೊಲದ ಗಟ್ ನಂಬರಿನಿಂದ ಹಿಡಿದು ಚತುಃಸೀಮೆ, ಅಪ್ಪನ ಹೆಸರು, ನಮ್ಮ ವಯಸ್ಸು, ಪ್ರತಿಯೊಂದು ಸಾಲನ್ನೂ ಕನ್ನಡ ಮಾಡಿ ಹೇಳಿದೆ. ಮೂರನೆಯ ಪುಟವನ್ನು ಎರಡು ಸಲ ಓದಿದೆ. ಅಕ್ಕ ಮೊರ ಆಡಿಸುತ್ತಲೇ ಕೇಳಿದಳು. ಪೂರ್ವಕ್ಕೆ ಯಾರ ಹೊಲ ಎಂದು ಬಂದಾಗ ಮಾತ್ರ, "ಅಲ್ಲೇ ನಾವು ಬಾರೀಹಣ್ಣ ಆರಸತಿದ್ವಿ" ಎಂದಳು. ಈ ಸಲ ಗಡಿಯಾರ ನೋಡಿದ್ದೆ: ಮೂವತ್ತೇಳು ನಿಮಿಷ. ಬರೆದಿದೆ.

"ಮುಗೀತೇನು?" ಎಂದಳು.

"ಮುಗೀತು."

"ತವರಿನ ಮಾತ ಎಲ್ಲೈತಿ ಇದರಾಗ?"

"ಇಲ್ಲಕ್ಕ."

"ಅವತ್ತ ಹೇಳಿದ್ದಿ. ಹಿಂದ ಇದ್ಹಂಗ ಮುಂದೂ ಇರತೈತಿ ಅಂತ. ಇಲ್ಲೇ ಕಿವಿ ಹಂತ್ಯಾಕ ಬಂದು ಹೇಳಿದಿ." ಅವಳು ತನ್ನ ಎಡಗಿವಿಯನ್ನು ಮುಟ್ಟಿ ತೋರಿಸಿದಳು.

ಅಂದರೆ ಅದೇ ನಾಲ್ಕು ಮಾತು. ದಿನಚರಿಗೆ ಗೊತ್ತಿಲ್ಲದ್ದು, ನನ್ನ ನೆನಪು ಜಾರಿಕೊಳ್ಳುತ್ತಿದ್ದದ್ದು, ಓದಲು ಬಾರದ ಅಕ್ಕನ ಬಳಿ ಅಕ್ಷರ ಬಿಡದೆ ಇತ್ತು. ಅಂಬಿಕಾಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ನನಗೆ ಬೇಕಾಗಿದ್ದದ್ದು ಬೇರೆ ಇತ್ತು. ಅದನ್ನು ಕೇಳಿದೆ.

ಅಕ್ಕ ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದಾಯಿತು. ಹೊರಬಂದಾಗ ಕೈಯಲ್ಲಿ ತಾಟು, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಮಡಚಿದ ಒಂದು ಕುಪ್ಪಸದ ಕಣ. ಹಣೆಗೆ ಕುಂಕುಮ ಹಚ್ಚಿ, "ಸೆರಗ ಒಡ್ಡು" ಎಂದಳು.

"ಇದೆಲ್ಲಾ ಯಾಕಕ್ಕ?"

"ಯಾಕಂದ್ರ? ಅವ್ವ ಇಲ್ಲ, ಅಪ್ಪ ಇಲ್ಲ. ನಿನಗ ತವರ ಅಂದ್ರ ನಾನ ಅಲ್ಲೇನು? ಬರೀ ಉಡೀಲೆ ಹೆಂಗ ಕಳಸ್ಲಿ?"

ಐದು ಬೊಗಸೆ ಉಡಿ ತುಂಬಿದಳು. ನನ್ನ ಪ್ರಶ್ನೆಯನ್ನು ಅವಳು ಕೇಳಿಸಿಕೊಳ್ಳಲಿಲ್ಲವೇನೋ ಎಂದು, ಸೆರಗು ಹಿಡಿದುಕೊಂಡೇ ಮತ್ತೊಮ್ಮೆ ಕೇಳಿದೆ. ಅವಳು ನೆಲಕ್ಕೆ ಬಿದ್ದಿದ್ದ ನಾಲ್ಕು ಅಕ್ಕಿ ಕಾಳನ್ನು ಆರಿಸಿ ಉಡಿಗೆ ಹಾಕಿ, ಗಾಡಿ ಹೊತ್ತಾಯಿತು ನಡಿ ಎಂದಳು.

ಹತ್ತೊಂಬತ್ತು ದಿನವಾಯಿತು. ಎರಡು ಸಲ ಫೋನಿನಲ್ಲಿ ಮಾತಾಡಿದೆವು, ಮೊಣಕಾಲಿನ ಬಗ್ಗೆ, ಜೋಳದ ಬಗ್ಗೆ. ಬರುವ ಸೋಮವಾರ ಅಂಬಿಕಾ ಕರಡು ಒಯ್ಯಲು ಬರುತ್ತಾಳೆ. ಅದು ಮೇಜಿನ ಮೇಲಿದೆ, ಸಹಿಯ ಜಾಗ ಖಾಲಿ. ನಾನು ಅಕ್ಕನನ್ನು ಕೇಳಿದ್ದು ಇಷ್ಟೇ:

"ಅಕ್ಕಾ, ಅವತ್ತ ನಾ ಹಿಂಗ ಪೂರಾ ಓದಿದ್ರ, ನೀ ಸೈ ಮಾಡತಿದ್ದೇನು?"